ಶುಕ್ರ ಮೂಡಿದ ಬೆಳಗು

ಸಾಂಬ್ರಾಣಿ ಹೊಗೆಯ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಪೂರ್ವಕ್ಕೆ ಹೊರಳುತ್ತದೆ.

ಬಾಣಂತನಕ್ಕೆ ಮೈಸೂರಿನ ನಮ್ಮ ಮನೆಗೆ ಬಂದಿದ್ದ ಅಕ್ಕನನ್ನು ಗಂಡನ ಮನೆಗೆ, ಪಶ್ಚಿಮದ ಹುಣಸೂರಿಗೆ ಕಳಿಸಬೇಕಿತ್ತು. ಬಾಣಂತಿ ಶುಕ್ರನಿಗೆ ಎದುರಾಗಿ ಹೋಗಬಾರದು, ಅವನು ಬೆನ್ನ ಹಿಂದೆ ಪೂರ್ವದಲ್ಲಿ ಮೂಡಲಿ ಎಂದು ಅಜ್ಜಿ ಕಾಯುತ್ತಿದ್ದಳು. ಅವಳ ಕಣ್ಣು ಮಂಜಾಗಿದ್ದರಿಂದ ನಸುಕಿನಲ್ಲಿ ತಾರಸಿ ಹತ್ತಿ ನೋಡುವವನು ನಾನು. ಶುಕ್ರ ಕಂಡ ದಿನ ಕೊಬ್ಬರಿ ಮಿಠಾಯಿ ಎಂದಿದ್ದಳು.

ಒಂದು ಸಂಜೆ ಮಗುವಿಗೆ ಸಾಂಬ್ರಾಣಿ ಹಾಕುತ್ತಿದ್ದ ಅಕ್ಕ ನನ್ನ ಕಿವಿಯಲ್ಲಿ, "ಕಂಡ್ರೂ ಇಲ್ಲ ಅನ್ನೋ ಪುಟ್ಟ. ಅಲ್ಲಿಗೋದ್ರೆ ಮತ್ತೆ ಹೊಡೀತಾರೆ ಕಣೋ" ಎಂದಳು. ರಾತ್ರಿಯಿಡೀ ಹೊರಳಾಡಿದೆ.

ಬೆಳಗ್ಗೆ ಚಾಮುಂಡಿ ಬೆಟ್ಟದ ಪಕ್ಕ ಶುಕ್ರ ಹೊಳೆಯುತ್ತಿದ್ದ.

"ಮೂಡ್ಬುಟ್ಟ ಅಜ್ಜಿ!" ಎಂದು ಕೂಗಿದೆ.

ಬಸ್ಸು ಹೊರಟಾಗ ಅಕ್ಕ ಕಿಟಕಿಯಿಂದ, "ಚೆನ್ನಾಗಿ ಓದ್ಕೋ" ಎಂದಳು. ನನ್ನ ಬಾಯಿ ತುಂಬ ಮಿಠಾಯಿ ಇತ್ತು.