ಗುಡ್ಡದ ಬುಡದ ಕರಿಕಲ್ಲು

"ಸುತ್ತಿಗೆ ಎತ್ಬ್ಯಾಡಿ ಸ್ವಾಮಿ. ಅದು ಜೀವ ತಕ್ಕೊಂಡಿರೋ ಕಲ್ಲು," ಎಂದ ಊರ ಯಜಮಾನ ಕುಳ್ಳಯ್ಯ.

ನರಹರಿಯ ಕೈ ಗಾಳಿಯಲ್ಲೇ ನಿಂತಿತು. ಕಲ್ಲುಗಳ ಪರೀಕ್ಷೆಗೆಂದು ಹುಣಸೂರಿನಿಂದ ಜೀಪಿನಲ್ಲಿ ಬಂದ ಅಧಿಕಾರಿ ಅವನು. ಹೋದ ವರ್ಷ ಚೆಲುವಯ್ಯ ತನ್ನ ಹಿತ್ತಿಲ ಹಿಂದಿನ ಈ ಗುಡ್ಡದ ಬುಡದಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ. ಪಕ್ಕದಲ್ಲಿ ಈ ಕಲ್ಲು. ಜೀವ ತೆಗೆದ ಕಲ್ಲನ್ನು ಬಿದ್ದಲ್ಲೇ ಬಿಟ್ಟು ಶಾಂತಿ ಮಾಡುವುದು ಊರಿನ ಪದ್ಧತಿ. ಸತ್ತವನ ಹೆಂಡತಿಯ ಹೊರತು ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಸೋಮಮ್ಮ ಪ್ರತಿ ಅಮಾವಾಸ್ಯೆಗೂ ಬಂದು ಎಣ್ಣೆ, ಕುಂಕುಮ ಬಳಿಯುತ್ತಿದ್ದಳು. ಬಳಿದೂ ಬಳಿದೂ ಕಲ್ಲಿನ ಆಕಾರವೇ ಮುಚ್ಚಿಹೋಗಿತ್ತು.

ಅಧಿಕಾರಿಯನ್ನು ಹಟ ಹಿಡಿದು ಕರೆತಂದವನು ಚೆಲುವಯ್ಯನ ತಮ್ಮ ಕಂಠಪ್ಪ. ಬದುವಿನ ಜಗಳಕ್ಕೆ ಅಣ್ಣನನ್ನು ಇವನೇ ಮುಗಿಸಿದನೆಂದು ಊರು ಆಡಿಕೊಳ್ಳುತ್ತಿತ್ತು. ಊರ ಬಾಯಿ ಮುಚ್ಚಿಸುವವರು ಯಾರು?

"ಗುಡ್ಡದಿಂದ ಉಳ್ಳುಕೊಂಡು ಬಂದದ್ದು ಅಂತ ಒಂದ್ ಮಾತು ಏಳ್ಬುಡಿ ಸ್ವಾಮಿ. ಇಲ್ದಿದ್ರೆ ಇವ್ರು ನನ್ನ ಬದುಕಕ್ಕೆ ಬುಡಕಿಲ್ಲ," ಎಂದು ಕಂಠಪ್ಪ ಕೈ ಮುಗಿದಿದ್ದ.

ಮಧ್ಯಾಹ್ನ ನರಹರಿಗೆ ಊಟ ಹಾಕಿದವಳು ಸೋಮಮ್ಮನೇ, ಅಡುಗೆಮನೆಯ ಬಾಗಿಲಲ್ಲಿ. ಉಪ್ಪುಸಾರಿನ ಖಾರದಲ್ಲಿ ಹಲ್ಲಿಗೆ ಹರಳು ಸಿಕ್ಕಿತ್ತು. "ತಪ್ಪು ತಿಳೀಬ್ಯಾಡಿ. ಒರಳ್ ಗುಂಡು ಒಸದು, ಇನ್ನೂ ಪಳಗಿಲ್ಲ," ಎಂದು ಅವಳು ಮೊಳಕೈಯ ಹಳೆ ಬರೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ಯಜಮಾನನ ಮಾತು ಮೀರಿ ನರಹರಿ ಕುಂಕುಮ ಕೆರೆದು ಒಂದು ಚಕ್ಕೆ ಎಬ್ಬಿಸಿದ. ಭೂತಗನ್ನಡಿ ಹಿಡಿದ. ಕಡುಕಪ್ಪು, ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಅಲ್ಲಲ್ಲಿ ತೂತು.

"ಬಸಾಲ್ಟ್. ಜ್ವಾಲಾಮುಖಿ ಉಗುಳಿದ್ದು ಆರಿ ಹಿಂಗಾಗಿದೆ. ಒಳಗಿನ ಆವಿ ಬಿಟ್ಟುಹೋದ ಗುರುತೇ ಈ ತೂತು. ನಿಮ್ಮ ಗುಡ್ಡ ಪೂರ್ತಿ ಬಿಳಿಕಲ್ಲು. ಇದು ಈ ಸೀಮೆದೇ ಅಲ್ಲ. ಉತ್ತರದ ಕಡೆಯಿಂದ ಯಾರೋ ತಂದಿರೋದು."

ಕಂಠಪ್ಪನ ಮುಖ ಬಿಳಿಚಿಕೊಂಡಿತು. ಜನ ಅವನನ್ನು ಒತ್ತಿಕೊಂಡು ನಿಂತರು. ಕೆಲವರ ಕೈಯಲ್ಲಿ ಹೊಲದಿಂದ ತಂದ ಕುಡುಗೋಲು ಹಾಗೇ ಇತ್ತು.

"ಇನ್ನೇನ್ಲಾ ಏಳ್ತೀಯ?" ಎಂದು ಕುಳ್ಳಯ್ಯ ಅವನ ರಟ್ಟೆ ಹಿಡಿದ.

"ಆಯ್ತಲ್ಲ ಸ್ವಾಮಿ, ಸಾಕು ಬುಡಿ," ಎಂದಳು ಸೋಮಮ್ಮ, ತಲೆ ಎತ್ತದೆ.

ತನ್ನ ಒಂದು ಮಾತಿಗೆ ಒಬ್ಬನ ಜೀವ ಹೋಗುತ್ತದೆಂದು ನರಹರಿಗೆ ಹೆದರಿಕೆಯಾಯಿತು. ಇನ್ನೇನಾದರೂ ಸಿಕ್ಕೀತೆಂದು ಉಳಿದ ಕುಂಕುಮವನ್ನೂ ಕೆರೆದ. ಕಲ್ಲು ಕೋಳಿಮೊಟ್ಟೆಯ ಆಕಾರದಲ್ಲಿತ್ತು. ಒಂದು ತುದಿ ಸವೆದು ನುಣ್ಣಗಾಗಿತ್ತು.

ಮಧ್ಯಾಹ್ನ ಕಂಡಿದ್ದ ಸೋಮಮ್ಮನ ಅಡುಗೆಮನೆಯ ಒರಳು ಕಪ್ಪು, ಮೈತುಂಬ ತೂತು. ಅದರೊಳಗಿನ ಹೊಸ ಗುಂಡು ಮಾತ್ರ ಬಿಳಿ.