ಪಟ್ಟಿಯ ತುದಿ

ಕ್ಲಿಫ್ ಗಾಟ್ಸ್ ಚಾಚಿದ ಅಂಗೈಯಲ್ಲಿ ರಸ್ತೆ ಗೇಟಿನ ಬೀಗದ ಕೈ ಇತ್ತು. ಬೆರಿಲ್ ಲಾರ್ವುಡ್ ಅದನ್ನು ಮುಟ್ಟಲಿಲ್ಲ. ಕೋಳಿಗಳಿಗೆ ಕಾಳು ಎರಚುತ್ತಲೇ ಇದ್ದಳು.

"ಏನಿದು?"

"ನಿಮ್ಮ ಬೀಗದ ಕೈ, ಮಿಸೆಸ್ ಲಾರ್ವುಡ್. ಇಷ್ಟು ವರ್ಷ ನಿಮ್ಮ ಹುಲ್ಲುಗಾವಲಲ್ಲಿ ಹಳೇ ನಾಣ್ಯಗೀಣ್ಯ ಹುಡುಕೋಕೆ ಬಿಟ್ರಿ. ಈ ನಾರ್ಫಕ್ ಸೀಮೆಯಲ್ಲಿ ಇನ್ಯಾವ ರೈತನೂ ನನಗೆ ಗೇಟು ತೆಗೀಲಿಲ್ಲ. ಥ್ಯಾಂಕ್ಸ್ ಹೇಳಿ ಹೋಗೋಣ ಅಂತ ಬಂದೆ. ಇನ್ನು ನನ್ನ ಕೈಲಾಗಲ್ಲ."

"ಕೈಗೇನಾಯ್ತು?"

"ಕೈಗಲ್ಲ, ಕಿವಿಗೆ."

ಕೊನೆಯ ಸಲ ಎಂದು ಬೆಳಿಗ್ಗೆ ಹುಲ್ಲುಗಾವಲಿನಲ್ಲಿ ಒಂದು ಸುತ್ತು ಹಾಕಿ, ಹಾಗೇ ಅಂಗಳಕ್ಕೆ ಬಂದಿದ್ದ ಆ ನಿವೃತ್ತ ಪೋಸ್ಟ್‌ಮ್ಯಾನ್. ಹೆಗಲಲ್ಲಿ ಲೋಹ ಪತ್ತೆಯ ಯಂತ್ರ, ಕತ್ತಿನಲ್ಲಿ ಹೆಡ್‌ಫೋನ್. ನಿನ್ನೆ ಹಿತ್ತಲಲ್ಲಿ ಒಂದು ಬೆಳ್ಳಿ ನಾಣ್ಯವಿಟ್ಟು, ಹೆಡ್‌ಫೋನ್ ಕಳಚಿ ಅದರ ಮೇಲೆ ಯಂತ್ರ ಆಡಿಸಿ ನೋಡಿದ್ದನಂತೆ. ಬೇಲಿಯಾಚೆಯ ನಾಯಿ ಕಿವಿ ನಿಮಿರಿಸಿತು. ಅವನಿಗೆ ಮಾತ್ರ ಏನೂ ಕೇಳಿಸಲಿಲ್ಲ. ಕಿವಿಗೆ ಹಾಕಿಸಿಕೊಂಡ ಮಿಷನ್ನಿನಿಂದ ಮನುಷ್ಯರ ಮಾತು ಕೇಳುತ್ತದೆ, ಬೆಳ್ಳಿ ಕಂಚಿನ ಆ ಸಣ್ಣ ಸ್ವರ ಕೇಳುವುದಿಲ್ಲ.

"ಮತ್ತೇನು ಕೇಳುತ್ತೆ?"

"ಕಬ್ಬಿಣ. ಅದು ಗೊರಗೊರ ಅನ್ನುತ್ತೆ. ಮೊಳೆ, ಬೇಲಿ ತಂತಿ, ಅಂಥದ್ದು."

"ಅಯ್ಯೋ ಪೆದ್ದಪ್ಪಾ, ನನಗೆ ಬೇಕಾದ್ದು ಅದೇ ತಾನೆ!" ಕಾಳು ಎರಚುತ್ತಿದ್ದ ಬೆರಿಲ್‌ಳ ಕೈ ಅಲ್ಲೇ ನಿಂತಿತು. "ನೀನು ಬರೋಕೆ ಮುಂಚೆ ತಂತಿ ಚೂರು ನುಂಗಿ ನನ್ನ ಎರಡು ಹಸು ಸತ್ತವು. ನೀನು ಬಂದ ಮೇಲೆ ಒಂದೂ ಇಲ್ಲ. ಸಂಜೆ ಅಡುಗೆಮನೆ ಬಾಗಿಲಲ್ಲಿ ಚೀಲ ತೆರೆದು 'ಇವತ್ತೂ ಕಸವೇ' ಅಂತ ಮುಖ ಸಣ್ಣ ಮಾಡ್ತಿದ್ದೆಯಲ್ಲ? ಆ ಕಸ ನೋಡಿದ ದಿನವೇ ನನಗೆ ನಿದ್ದೆ ಬರ್ತಿದ್ದದ್ದು."

ಕಸದ ಚೀಲವನ್ನು ಕ್ಲಿಫ್ ಪ್ರತಿಸಲವೂ ತಪ್ಪೊಪ್ಪಿಕೊಳ್ಳುವವನ ಹಾಗೆ ತೆರೆದು ತೋರಿಸುತ್ತಿದ್ದ.

"ತಂತಿಗೆ ಬೇಕಾದ್ರೆ ಬರ್ತೀನಿ," ಎಂದ ಮೆಲ್ಲಗೆ. "ಆದ್ರೆ ನಾನು ಬೆಳಿಗ್ಗೆ ಹಾಸಿಗೆ ಬಿಟ್ಟು ಏಳ್ತಿದ್ದದ್ದು ಆ ಸಣ್ಣ ಸ್ವರದ ಆಸೆಗೆ."

ಬೆರಿಲ್ ಕಾಳಿನ ಬೋಗುಣಿಯನ್ನು ಬೋರಲು ಹಾಕಿ, ಏಪ್ರನ್ನಿಗೆ ಕೈ ಒರೆಸಿಕೊಂಡಳು. ಅವನ ಅಂಗೈಯಿಂದ ಬೀಗದ ಕೈಯನ್ನು ಎತ್ತಿ ಅವನ ಕೋಟಿನ ಜೇಬಿಗೇ ಹಾಕಿದಳು. ಹೆಡ್‌ಫೋನನ್ನು ಅವನ ಕತ್ತಿನಿಂದ ತೆಗೆದು ತನ್ನ ತಲೆವಸ್ತ್ರದ ಮೇಲೆ ಏರಿಸಿಕೊಂಡಳು.

"ನಡಿ."

ಯಂತ್ರಕ್ಕೆ ಸಿಕ್ಕಿಸಿದ ಹೆಡ್‌ಫೋನಿನ ವೈರು ಮೂರೇ ಮೊಳದುದ್ದ. ಹುಲ್ಲುಗಾವಲಲ್ಲಿ ಕ್ಲಿಫ್ ಯಂತ್ರವನ್ನು ಬೀಸುತ್ತ ಮುಂದೆ, ಅವಳು ಅವನ ಹಿಮ್ಮಡಿ ತುಳಿಯುತ್ತ ಹಿಂದೆ.

"ಯಾರಾದ್ರೂ ನೋಡಿದ್ರೆ, ಲಾರ್ವುಡ್ ಮುದುಕಿಗೆ ಹಗ್ಗ ಹಾಕಿ ಸಂತೆಗೆ ಹೊಡ್ಕೊಂಡು ಹೋಗ್ತಿದಾನೆ ಅಂತಾರೆ."

"ಕೊಳ್ಳೋರು ಯಾರು?"

"ಬಾಯಿ ಮುಚ್ಚು. ಕೇಳಿಸ್ತಿಲ್ಲ."

ಸದ್ದು ಬಂದಲ್ಲೆಲ್ಲ ಅವಳು ಅವನ ಕೋಟು ಜಗ್ಗಿದಳು. ಒಮ್ಮೆ ಕೋವಿ ತೋಟಾದ ಹಿತ್ತಾಳೆ ಬುಡ ಸಿಕ್ಕಿತು, ಇನ್ನೊಮ್ಮೆ ಬಿಯರ್ ಡಬ್ಬಿಯ ಕಿವಿ. ಮುಳ್ಳುಬೇಲಿಯ ಹತ್ತಿರ ಬಂದಾಗ ಅವಳು ಕೋಟು ಜಗ್ಗಲಿಲ್ಲ, ಅವನ ತೋಳನ್ನೇ ಹಿಡಿದಳು.

"ಇಲ್ಲಿ. ಗುಬ್ಬಚ್ಚಿ ಮರಿ ಕೂಗಿದ ಹಾಗೆ."

"ಇಲ್ಲೇನೂ ಇಲ್ಲ. ಎಷ್ಟು ಸಲ ನೋಡಿದೀನಿ."

"ನೋಡಿದೀಯ, ಕೇಳಿಲ್ಲ. ಅಗಿ."

ಅವನು ಹುಲ್ಲನ್ನು ಮೂರು ಕಡೆ ಕೊರೆದು ಮುಚ್ಚಳದ ಹಾಗೆ ಎತ್ತಿದ. ಹೆಂಟೆಯೊಳಗೆ ಹಸಿರುಗಟ್ಟಿದ, ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಕಂಚು. ಕ್ಲಿಫ್ ಅದನ್ನು ಉಜ್ಜಲಿಲ್ಲ. ತುಟಿಯ ಹತ್ತಿರ ತಂದು ಮಣ್ಣು ಊದಿದ.

"ಸೊಂಟದ ಪಟ್ಟಿಯದು. ತುದಿ ನಾರುನಾರಾಗಬಾರದು ಅಂತ ಹೀಗೆ ಎರಡು ತಗಡು ಕಚ್ಚಿಸಿ ಮೊಳೆ ಬಡೀತಿದ್ರು. ಆರುನೂರು ವರ್ಷವಾದ್ರೂ ಆಗಿರುತ್ತೆ."

"ಒಳಗೇನೋ ಕಪ್ಪಗಿದೆಯಲ್ಲ?"

ತಗಡುಗಳ ನಡುವೆ ಒಂದು ಚೂರು ಚರ್ಮವಿತ್ತು. ಪಟ್ಟಿ ಮಣ್ಣಾಗಿತ್ತು, ಕಟ್ಟಿಕೊಂಡವನೂ ಮಣ್ಣಾಗಿದ್ದ. ಕಂಚು ಮಾತ್ರ ಕಚ್ಚಿ ಹಿಡಿದದ್ದನ್ನು ಬಿಟ್ಟಿರಲಿಲ್ಲ.

ಕ್ಲಿಫ್ ಅದನ್ನು ಅವಳ ಅಂಗೈಯಲ್ಲಿಟ್ಟ. "ನೆಲ ನಿಮ್ಮದು, ಕಿವಿಯೂ ನಿಮ್ಮದೇ. ಮ್ಯೂಸಿಯಮ್ಮಿನವರಿಗೆ ತೋರಿಸಿಕೊಂಡು ಬರ್ತೀನಿ. ಆಮೇಲೆ ಇದು ನಿಮ್ಮದು."

"ಹಾಗಾದ್ರೆ ಗುಂಡಿ ಮುಚ್ಚೋದು ನಿಂದು."

ಅವನು ತಲೆ ತಗ್ಗಿಸಿ ಹುಲ್ಲಿನ ಮುಚ್ಚಳ ಕೂರಿಸಿ ತುಳಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ತುಳಿದ. ಅವಳು ಬೇಲಿಯ ಕಡೆ ಮುಖ ತಿರುಗಿಸಿ ಕಾದಳು.

ಅವನ ವ್ಯಾನು ರಸ್ತೆ ಗೇಟಿನಾಚೆ ನಿಂತಿತ್ತು. ಅಲ್ಲಿಯವರೆಗೂ ಅವಳು ಹೆಡ್‌ಫೋನ್ ತೆಗೆಯಲಿಲ್ಲ. ವೈರು ಇಬ್ಬರ ನಡುವೆ ತೂಗುತ್ತಲೇ ಬಂತು. ಗೇಟಿನ ಮುಂದೆ ಕ್ಲಿಫ್ ಅಭ್ಯಾಸ ತಪ್ಪಿದವನಂತೆ ನಿಂತುಬಿಟ್ಟ.

"ನನ್ನ ಮುಖ ಏನು ನೋಡ್ತೀಯ?" ಎಂದಳು ಬೆರಿಲ್. "ತೆಗಿ. ಬೀಗದ ಕೈ ನಿನ್ನ ಹತ್ರ ತಾನೆ ಇರೋದು."