ಅತ್ತೆಗೆ ದಾರಿ

ಸೆಕೆ ಹೆಚ್ಚಿದಂತೆ ಬೆಟ್ಟದ ಗಿಡಗಳು ಬೇರು ಕಿತ್ತುಕೊಂಡು ಮೇಲಕ್ಕೆ ನಡೆಯುವುದು ಈಗ ಯಾರಿಗೂ ಸುದ್ದಿಯಲ್ಲ. ಗಿಡ ಎದುರಾದರೆ ಜನ "ಅತ್ತೆಗೆ ದಾರಿ ಬಿಡಿ" ಎಂದು ಪಕ್ಕಕ್ಕೆ ಸರಿಯುತ್ತಾರೆ. ಆ ರೂಢಿ ಕಲಿಸಿದವರು ಸಸ್ಯತಜ್ಞೆ ಪಂಕಜಾಕ್ಷಿ. ಜೀವಮಾನವಿಡೀ ಅವರು ಹಿಂಬಾಲಿಸಿದ ನೀಲಿ ಕರ್ಣಕುಂಡಲ ಹೂವಿನ ಕೊನೆಯ ಗಿಡ ಇಂದು ತುದಿಯ ಬಂಡೆ ತಲುಪಿ, ಅಲ್ಲೇ ಸುತ್ತತೊಡಗಿತ್ತು. ಅದಕ್ಕಿಂತ ಮೇಲೆ ಬೆಟ್ಟವಿರಲಿಲ್ಲ. ಎಲೆಗಳು ಬಾಡುತ್ತಿದ್ದವು.

"ಸರ್ಕಳಿ ಅವ್ವಾ, ಅತ್ತೆ ನಿಮ್ಮತ್ರನೇ ಬತ್ತಾವ್ಳೆ," ಎಂದ ಅರಣ್ಯದ ವಾಚರ್ ಜಡೆಯ.

ಪಂಕಜಾಕ್ಷಿ ಸರಿಯಲಿಲ್ಲ. ಗಿಡ ಅವರ ಬೂಟು ತಡವಿ, ಮೊಣಕಾಲು ದಾಟಿ, ಹೆಗಲೇರಿ ನಿಂತಿತು. ಬಾಡಿದ ಎಲೆ ಬಿಚ್ಚಿಕೊಂಡಿತು.

"ಅತ್ತೆ ಸೊಸೆ ಹೆಗಲ್ ಮೇಲೇ ಕುಂತ್ಬುಟ್ಲಲ್ಲಾ! ನೀವೂ ಕುಂತ್ಕಳಿ, ಕಾಲ್ ನೋಯ್ತದೆ."

"ನಾನು ಕೂತರೆ ಅತ್ತೆಗೆ ಬೆಟ್ಟ ತಗ್ಗುತ್ತೆ ಕಣೋ," ಎನ್ನುತ್ತಾ ಪಂಕಜಾಕ್ಷಿ ತುದಿಗಾಲಲ್ಲಿ ನಿಂತರು.